ಇನ್ನೂರು ಬಣ್ಣ ಎಣಿಸುವ ಕಣ್ಣು

ಖಾನಾಪುರದ ಕುಂಬಾರ ಮಣ್ಣನ್ನು ಬೆರಳ ನಡುವೆ ತಿಕ್ಕಿ ನೋಡಿಯೇ ಇದು ಮಡಕೆಗೆ, ಇದು ಹಂಚಿಗೆ ಎಂದು ಹೇಳಿಬಿಡುತ್ತಾನೆ. ಕುಂಬಾರಿಕೆ ಕಲಿಸುವ ಖಾದಿ ಆಯೋಗದ ಕೇಂದ್ರ ಸಂಸ್ಥೆ ಈ ಊರಲ್ಲಿರುವುದು ಸುಮ್ಮನೆ ಅಲ್ಲ. ಬೆಳಗಾವಿ ಸೀಮೆಯ ಜಂಬಿಟ್ಟಿಗೆ ಕಲ್ಲಿನ ನಡುವೆ ಬಾಕ್ಸೈಟೂ ಸಿಗುತ್ತದೆ. ತೊಡಕೆಂದರೆ ಜೇಡಿ, ಜಂಬಿಟ್ಟಿಗೆ, ಬಾಕ್ಸೈಟ್ ಮೂರಕ್ಕೂ ಕಬ್ಬಿಣದ ಕೆಂಪು ಮೆತ್ತಿಕೊಂಡರೆ ಕಣ್ಣಿಗೆ ಎಲ್ಲ ಒಂದೇ.

ನಮ್ಮ ಕಣ್ಣು ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರೇ ಪಾಲು ಮಾಡುತ್ತದೆ. ಮೊಬೈಲ್ ಕ್ಯಾಮೆರಾವೂ ಅಷ್ಟೇ. ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಇನ್ನೂರಕ್ಕೂ ಹೆಚ್ಚು ಪಾಲು ಮಾಡಬಲ್ಲದು, ಅದೂ ಕಣ್ಣಿಗೆ ಕಾಣದ ಅವಗೆಂಪಿನೊಳಕ್ಕೆ ನುಗ್ಗಿ. ಜೇಡಿಯ ಕೆಯೊಲಿನೈಟ್ ಹರಳಿನಲ್ಲಿ ಆಮ್ಲಜನಕ, ಜಲಜನಕದ ಜೋಡಿ ಅಲ್ಯೂಮಿನಿಯಂಗೆ ಅಂಟಿಕೊಂಡು ಸದಾ ಅದುರುತ್ತಿರುತ್ತದೆ. ಆ ಅದುರಿಗೆ ತಾಳೆಯಾಗುವ ಬೆಳಕನ್ನು ನುಂಗಿಬಿಡುತ್ತದೆ. ಹಾಗಾಗಿ ಮರಳಿ ಬಂದ ಬೆಳಕಿನ ನಕ್ಷೆಯ ಗೆರೆಯಲ್ಲಿ 2.16 ಮತ್ತು 2.2 ಮೈಕ್ರಾನ್ ತರಂಗಾಂತರದ ಬಳಿ ಅವಳಿ ತಗ್ಗು. ಬಾಕ್ಸೈಟಿನ ಗಿಬ್‌ಸೈಟ್ ಆದರೆ ತಗ್ಗು 2.27ರಲ್ಲಿ. ಕೆಂಪು ಬಳಿದುಕೊಂಡರೂ ಗುಟ್ಟು ಉಳಿಯುವುದಿಲ್ಲ.

ಇಸ್ರೋ 2018ರ ನವೆಂಬರ್ 29ರಂದು ಹಾರಿಸಿದ ಹೈಸಿಸ್ ಉಪಗ್ರಹದಲ್ಲಿ ಇಂಥ ಕ್ಯಾಮೆರಾ ಇದೆ. ಆದರೆ ಖಾನಾಪುರದ ಕಾಡನ್ನು ಮೇಲಿನಿಂದ ನೋಡಿದರೆ ಅದಕ್ಕೆ ಕಾಣುವುದು ಎಲೆ. ಬಯಲು ನೆಲದಲ್ಲೂ ತೋರುವುದು ಮೇಲಿನ ತೊಗಲು ಮಾತ್ರ. ಒಡಲು ನೋಡಬೇಕೆಂದರೆ ಕ್ಯಾಮೆರಾವನ್ನೇ ಗಣಿಗೆ ಇಳಿಸಬೇಕು.

ರಾಯಚೂರು ಜಿಲ್ಲೆಯ ಹಟ್ಟಿಯಂಥ ಆಳದ ಚಿನ್ನದ ಗಣಿಯನ್ನು ಊಹಿಸಿಕೊಳ್ಳಿ. ಅಲ್ಲಿ ಸೂರ್ಯನಿಲ್ಲ. ಎಲ್‌ಇಡಿ ದೀಪ ಹಿಡಿದರೆ ಉಪಯೋಗವಿಲ್ಲ, ಅದರಲ್ಲಿ ಬೇಕಾದ ಅವಗೆಂಪೇ ಇರುವುದಿಲ್ಲ. ಶಾಖ ಉಗುಳುವ ಹಳೇ ಹ್ಯಾಲೊಜನ್ನೇ ಬೇಕು. ಗೋಡೆಯ ಪಕ್ಕ ಒಂದು ಬಿಳಿ ಹಲಗೆ ಇಟ್ಟು, ಅದಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ. ನಿಜವಾದ ಫಜೀತಿ ಧೂಳಿನದು. ಸ್ಫೋಟವಾದ ಮೇಲೆ ಎಲ್ಲ ಕಲ್ಲಿಗೂ ಒಂದೇ ಬೂದು ಬಣ್ಣದ ಹೊದಿಕೆ. ತೊಳೆದರೆ ನೀರು 1.9 ಮೈಕ್ರಾನಿನ ಸುತ್ತಲ ಬೆಳಕನ್ನು ಕುಡಿದು ಇಡೀ ಚಿತ್ರವನ್ನು ಮಂಕಾಗಿಸುತ್ತದೆ. ಗೋಡೆ ಆರುವವರೆಗೆ ಕಾಯಲು ಗಣಿಯ ಪಾಳಿಗೆಲ್ಲಿ ಪುರುಸೊತ್ತು?

ಅದೆಲ್ಲ ಸರಿಹೋದರೂ ಚಿನ್ನ ಕಾಣುವುದಿಲ್ಲ. ಒಂದು ಟನ್ ಅದಿರಿನಲ್ಲಿ ಇರುವುದೇ ಕೆಲವು ಗ್ರಾಂ. ಕ್ಯಾಮೆರಾ ಹುಡುಕುವುದು ಅದರ ಸಂಗಾತಿಗಳನ್ನು: ಚಿನ್ನ ಹೊತ್ತು ಬಂದ ಬಿಸಿ ದ್ರವ ಅಕ್ಕಪಕ್ಕದ ಬಂಡೆಯನ್ನು ಮಾರ್ಪಡಿಸಿ ಬಿಟ್ಟುಹೋದ ಬಯೊಟೈಟ್, ಕ್ಲೋರೈಟ್. ಅವು ಎಲ್ಲಿ ದಟ್ಟವೋ ಅಲ್ಲಿ ಕೊರೆದು ನೋಡಬಹುದು. ಇನ್ನು ಚಿನ್ನದ ಮನೆಯಾದ ಬೆಣಚುಕಲ್ಲಿನ ಎಳೆ 2.5 ಮೈಕ್ರಾನಿಗೆ ನಿಲ್ಲುವ ಈ ಕ್ಯಾಮೆರಾದಲ್ಲಿ ಗುರುತೇ ಬಿಡುವುದಿಲ್ಲ. ಅದಕ್ಕೆ 9 ಮೈಕ್ರಾನ್ ಆಸುಪಾಸಿನ ಉಷ್ಣವನ್ನು ಓದುವ ಬೇರೆಯೇ ಕ್ಯಾಮೆರಾ ಬೇಕು.