ಕಡಲಿನ ಮನೆಯೊಕ್ಕಲು

ಮನೆ ಬದಲಿಸುವುದೆಂದರೆ ಸಾಮಾನುಗಳನ್ನು ಗಾಡಿಗೇರಿಸುವುದಷ್ಟೇ ಎಂದು ನಂಬಿದ್ದವನು ನಾನು. ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಮನೆಯನ್ನು ಬಿಟ್ಟು ಹೊಸದಕ್ಕೆ ಹೊರಟಾಗ, 9 ವರ್ಷ ಸಾಕಿದ ಹವಳದ ತೊಟ್ಟಿ ಆ ನಂಬಿಕೆಯನ್ನು ಅಳಿಸಿತು.

ತುಂಬಿದ ಗಾಜಿನ ತೊಟ್ಟಿಯನ್ನು ಎತ್ತಲಾಗದು; 200 ಲೀಟರು ಕಡಲನೀರೇ 200 ಕಿಲೋಗ್ರಾಮಿಗೆ ಮಿಗಿಲು. ಆದ್ದರಿಂದ ಮೀನು, ಹವಳ, ಕಲ್ಲುಗಳನ್ನು ಬೇರೆಬೇರೆ ಡಬ್ಬಗಳ ಉಪ್ಪುನೀರಿನಲ್ಲಿಟ್ಟು ಒಯ್ದೆ. ಇವುಗಳಲ್ಲಿ ಅಮೂಲ್ಯವಾದುವು ಕಲ್ಲುಗಳೇ! ಮೀನುಗಳು ವಿಸರ್ಜಿಸುವ ಅಮೋನಿಯಾ ವಿಷ. ಅದನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ನೆಲಸಿರುವುದು ಕಲ್ಲಿನ ರಂಧ್ರಗಳಲ್ಲಿ, ನೀರಿನಲ್ಲಲ್ಲ. ಕಲ್ಲು ಒಣಗಿದರೆ ಅವು ಸಾಯುತ್ತವೆ.

ಇಷ್ಟು ಬಲ್ಲವನೂ ಒಂದು ತಪ್ಪು ಮಾಡಿದೆ. ತಳದ ಹಳೆಯ ಮರಳನ್ನು ತೊಳೆಯದೆ ಸುರಿದೆ. ವರ್ಷಗಳ ಕೊಳೆ ಕದಡಿತು. ಮರುದಿನ ಪರೀಕ್ಷಿಸಿದಾಗ ನೀರಿನಲ್ಲಿ ಅಮೋನಿಯಾ ಕಂಡಿತು. ಕ್ಲೌನ್ ಮೀನು ನೀರಿನ ಮೇಲ್ಗಡೆ ಏದುತ್ತಿತ್ತು. ಎರಡು ರಾತ್ರಿ ನಿದ್ದೆಗೆಟ್ಟು, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಕದಡಿದ ಹೊಸ ನೀರನ್ನು ಮತ್ತೆಮತ್ತೆ ಬದಲಿಸಿದೆ.

ಮೂರನೆಯ ಮುಂಜಾನೆ ಮೀನು ಚೇತರಿಸಿಕೊಂಡಿತು. ಒಂದು ಹವಳ ಮಾತ್ರ ಮತ್ತೆ ಅರಳಲಿಲ್ಲ.

ನಾವು ಹಾಲುಕ್ಕಿಸಿ ಒಂದೇ ದಿನದಲ್ಲಿ ಮನೆಯೊಕ್ಕೆವು. ಆ ಪುಟ್ಟ ಕಡಲಿನ ಮನೆಯೊಕ್ಕಲನ್ನು ನಡೆಸಿಕೊಟ್ಟವರಾದರೋ ಕಣ್ಣಿಗೆ ಕಾಣದ, ಕಲ್ಲಿನೊಳಗಿನ ಹಳೆಯ ಒಕ್ಕಲುಗಳು.