ಸೂರಿಗೆ ಮರದ ಮದನಕೈ

ಸಾಗರದಲ್ಲಿ ಕಟ್ಟಿಸುತ್ತಿರುವ ನಮ್ಮ ಹೆಂಚಿನ ಮನೆಗೆ ಮರದ ಮದನಕೈ ಕೂರಿಸುತ್ತಿದ್ದೇನೆ. ಗೋಡೆಯಿಂದ ಓರೆಯಾಗಿ ಚಾಚಿ ಸೂರನ್ನು ಹೊರುವ ಕೆತ್ತನೆಯ ಆಸರೆಯಿದು. ಮಲೆನಾಡಿನ ಹಳೆಯ ಜಗುಲಿಗಳ ಚೆಲುವು.

ಚೆಂದಕ್ಕೆಂದೇ ಹಾಕಿದರೂ ಭಾರದ ಲೆಕ್ಕ ತಪ್ಪುವುದಿಲ್ಲ. ಸೂರಿನ ತೂಕ ಬಿದ್ದಾಗ ಮದನಕೈಯ ಬುಡ ಗೋಡೆಯನ್ನು ಒಳಕ್ಕೆ ಒತ್ತುತ್ತದೆ, ತಲೆ ಹೊರಕ್ಕೆ ಎಳೆಯುತ್ತದೆ. ಹಾಗಾಗಿ ಮೇಲಿನ ಬೋಲ್ಟಿಗೆ ಕಾಂಕ್ರೀಟ್ ಬೀಮಿನ ಹಿಡಿತ ಬೇಕು. ಬರೀ ಇಟ್ಟಿಗೆ ಸಾಲದು. ಪ್ಲಾಸ್ಟರಿಂಗ್‌ಗೆ ಮೊದಲೇ ಬೋಲ್ಟ್ ಕೂರಿಸಿದರೆ ಗೋಡೆ ಒಡೆಯುವ ಪ್ರಮೇಯವಿಲ್ಲ.

ಮರ ಸಾಗುವಾನಿಯೋ ಹೆಬ್ಬಲಸೋ ಇರಲಿ, ಚೆನ್ನಾಗಿ ಒಣಗಿರಬೇಕು. ಹಸಿಮರ ಒಣಗುತ್ತಾ ಸೀಳುತ್ತದೆ, ಕೆತ್ತನೆಯೂ ಕೆಡುತ್ತದೆ. ಬುಡದಲ್ಲಿ ನೀರು ನಿಲ್ಲದಂತೆ ಇಳಿಜಾರು ಕೊಡಿ. ಮಳೆಗಾಲಕ್ಕೆ ಮುನ್ನ ಎಣ್ಣೆ ಹಚ್ಚಿ.

ಮನೆ ಕಟ್ಟಿಸುವವರೇ, ಗೋಡೆ ಏಳುವಾಗಲೇ ಬಡಗಿಯನ್ನು ಕರೆಸಿ, ಮೇಸ್ತ್ರಿಯ ಜೊತೆ ಕೂರಿಸಿ ಮಾತಾಡಿಸಿ.