ಬೆಂಗಳೂರಿನ ದಂಡು ರೈಲ್ವೆ ನಿಲ್ದಾಣ

ಬೆಂಗಳೂರಿನ ಕಂಟೋನ್ಮೆಂಟ್ ರೈಲ್ವೆ ನಿಲ್ದಾಣಕ್ಕೆ ಕನ್ನಡದಲ್ಲಿ ‘ದಂಡು’ ಎಂಬ ಹೆಸರು ರೂಢವಾಗಿರುವುದು. ಇದನ್ನು ಗ್ರಾಮ್ಯವೆಂದು ತಳ್ಳಿ ಆಂಗ್ಲಪದವನ್ನೇ ಹಿಡಿಯುವುದು ಯುಕ್ತವಲ್ಲ. ನಿಲ್ದಾಣವು ಅಲ್ಲಿ ಹುಟ್ಟಿದ ಕಾರಣವನ್ನು ಈ ಎರಡಕ್ಷರದ ಶಬ್ದವೇ ಹೇಳುವುದು.

ಸಂಸ್ಕೃತದ ‘ದಂಡ’ ಶಬ್ದಕ್ಕೆ ಕೋಲು, ಶಿಕ್ಷೆ, ಸೈನ್ಯ ಎಂಬ ಅರ್ಥಗಳುಂಟು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಕೌಟಿಲ್ಯನು ಎಣಿಸಿದ ರಾಜ್ಯದ ಏಳು ಪ್ರಕೃತಿಗಳಲ್ಲಿ ದಂಡವೆಂದರೆ ಸೇನೆಯೇ. ಕನ್ನಡವು ಈ ಅರ್ಥಗಳನ್ನು ರೂಪದಿಂದಲೇ ಬೇರ್ಪಡಿಸಿತು: ಅಪರಾಧಿಯು ತೆರುವುದು ದಂಡ, ಯುದ್ಧಕ್ಕೆ ಹೊರಡುವುದು ದಂಡು. ಸೇನೆಯ ಹೆಸರು ಬೆಂಗಳೂರಿನಲ್ಲಿ ಸೇನೆಯು ನೆಲೆಯೂರಿದ ಸ್ಥಳಕ್ಕೆ ಸಂದಿತು. ‘ಮಂಚಗಳು ಕೂಗುತ್ತವೆ’ ಎಂಬ ಶಾಸ್ತ್ರಪ್ರಸಿದ್ಧವಾದ ಲಕ್ಷಣೆಯಲ್ಲಿ ಆಧಾರದ ಹೆಸರು ಆಧೇಯಕ್ಕೆ ಬಂದಿದೆ. ಇಲ್ಲಿ ಅದರ ವಿಪರ್ಯಯ. ಪಾಠ ಹೇಳುವವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಹಿಂದಿಯಲ್ಲಿ ಈ ಸ್ಥಳವನ್ನು ‘ಛಾವನಿ’ ಎನ್ನುವರು. ಅದನ್ನೇ ಕನ್ನಡಕ್ಕೆ ತಂದರೆ ಓದುವವನಿಗೆ ಮನೆಯ ಚಾವಣಿಯು ನೆನಪಾದೀತು. ದಂಡು ಎಂದರೆ ಆ ಸಂದೇಹವಿಲ್ಲ. ಶಿವಾಜಿನಗರದ ದಂಡು ಮಾರಿಯಮ್ಮನ ಗುಡಿಯ ಹೆಸರಿನಲ್ಲಿಯೂ ಇದೇ ಮಾತು ಉಳಿದಿದೆ.

ಶ್ರೀರಂಗಪಟ್ಟಣದ ಹವೆಯು ದೇಹಕ್ಕೆ ಒಗ್ಗದಿದ್ದುದರಿಂದ ಬ್ರಿಟಿಷರು 1809ರಲ್ಲಿ ತಮ್ಮ ಸೇನೆಯನ್ನು ಬೆಂಗಳೂರಿಗೆ ತಂದು, ಹಲಸೂರಿನ ಕಡೆಯ ಬಯಲಿನಲ್ಲಿ ಇರಿಸಿದರು. ಕೋಟೆ ಪೇಟೆಗಳ ಹಳೆಯ ಊರು ಪಶ್ಚಿಮಕ್ಕೆ, ದಂಡು ಪೂರ್ವಕ್ಕೆ. 1864ರಲ್ಲಿ ಮದರಾಸು ರೈಲ್ವೆ ಕಂಪನಿಯವರು ಜೋಲಾರಪೇಟೆಯಿಂದ ಸುಮಾರು 140 ಕಿಲೋಮೀಟರು ಹಳಿ ಹಾಸಿ ಬಂದಾಗ ಬಂಡಿಯು ನಿಂತುದು ಪೇಟೆಯಲ್ಲಲ್ಲ, ದಂಡಿನಲ್ಲಿ. ಮೈಸೂರು ಸೀಮೆಯು ಆಗ ಬ್ರಿಟಿಷ್ ಕಮಿಷನರಾದ ಬೌರಿಂಗರ ಆಳ್ವಿಕೆಯಲ್ಲಿದ್ದಿತು. ರೈಲು ಯಾರಿಗಾಗಿ ಮೊದಲು ಬಂದಿತೆಂಬುದನ್ನು ಅದು ನಿಂತ ಸ್ಥಳದಿಂದಲೇ ಊಹಿಸಬಹುದು. ಪೇಟೆಯ ವರ್ತಕನು ಮದರಾಸಿನ ಸರಕಿಗಾಗಿ ದಂಡಿನವರೆಗೆ ಹೋಗಬೇಕಾಯಿತು.

ಪೇಟೆಯ ಪಶ್ಚಿಮದ ನಿಲ್ದಾಣವು ತಡವಾಗಿ ಬಂದಿತು. 1882ರಲ್ಲಿ ಮೈಸೂರಿನವರೆಗೆ ಪೂರ್ಣಗೊಂಡ ಸಂಸ್ಥಾನದ ರೈಲುದಾರಿಯು ಮೀಟರ್ ಗೇಜಿನದು. ಮದರಾಸಿನದು 5 ಅಡಿ 6 ಅಂಗುಲದ ಅಗಲ ಹಳಿ. ಒಂದರ ಬಂಡಿಯು ಇನ್ನೊಂದರ ಮೇಲೆ ಓಡದು. ಸರಕನ್ನು ಇಳಿಸಿ ಏರಿಸಲೇಬೇಕು. ಆ ಸಂಧಿಸ್ಥಾನವೇ ಕ್ರಮವಾಗಿ ಪ್ರಧಾನ ನಿಲ್ದಾಣವಾಗಿ ಬೆಳೆದು, ದಂಡು ನಡುದಾರಿಯ ನಿಲ್ದಾಣವಾಯಿತು. 1881ರಲ್ಲಿ ಸಂಸ್ಥಾನವು ಒಡೆಯರಿಗೆ ಮರಳಿದರೂ ದಂಡು ಪ್ರದೇಶವು ಬ್ರಿಟಿಷರಲ್ಲಿಯೇ ಉಳಿದು, 1947ರಲ್ಲಿ ಮೈಸೂರಿಗೆ ಸೇರಿತು. ಅಷ್ಟು ಕಾಲವೂ ನಾಲ್ಕೈದು ಕಿಲೋಮೀಟರು ಅಂತರದ ಈ ಎರಡು ನಿಲ್ದಾಣಗಳ ಸುತ್ತಣ ಊರುಗಳಿಗೆ ಆಡಳಿತಗಳು ಬೇರೆ ಬೇರೆ. ಎರಡೂ ಒಂದೇ ನಗರಸಭೆಗೆ ಒಳಪಟ್ಟುದು 1949ರಲ್ಲಿ.

ಮದರಾಸಿನ ಮೈಲು ಬಂಡಿಯು ಆರಂಭವಾದುದೂ 1864ರಲ್ಲಿಯೇ. ಆದರೆ ಈ ನಿಲ್ದಾಣದ ಸೇವೆಯನ್ನು ದೂರದ ಬಂಡಿಗಳಿಂದ ಮಾತ್ರ ಅಳೆಯಲಾಗದು. ಹಿಂದೆ ಬೌರಿಂಗ್‌ಪೇಟೆಯಾಗಿದ್ದ ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳಿಗೆ 1894ರಲ್ಲಿ ಒಂದು ಕವಲುದಾರಿಯಾಯಿತು. ಅದರ ಕೊನೆ ಮಾರಿಕುಪ್ಪಂ. ಗಣಿಗೆ ಬೇಕಾದುದನ್ನು ಒಯ್ಯಲು ಹಾಕಿದ ದಾರಿ ಅದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು; ಕೆಲಸವಿಲ್ಲದಾದ ಕುಟುಂಬಗಳಿಗೆ ಊರು ಬಿಡದೆ ಬದುಕಲು ಆ ಹಳಿಯೊಂದೇ ಆಸರೆಯಾಯಿತು. ಬೆಳಗಿನ ಜಾವದಲ್ಲಿ ಬಂಡಿ ಹತ್ತಿ, ಬೆಂಗಳೂರಿನಲ್ಲಿ ದುಡಿದು, ರಾತ್ರಿಗೆ ಮರಳುವ ಸಾವಿರಾರು ಜನರುಂಟು. ಹೋಗಿಬರುವುದರಲ್ಲಿಯೇ ದಿನದ ನಾಲ್ಕೈದು ಗಂಟೆಗಳು ಕಳೆಯುವುವು. ಅವರಲ್ಲಿ ಅನೇಕರು ಇಳಿಯುವುದು ದಂಡಿನಲ್ಲಿ.